ಬದು ಅಳೆದು ‘ಉತ್ತಮ’ ಅಂತ ಬರೆದುಕೊಂಡು ಹೋದರು. ಮಣ್ಣು ಉಳಿದಿದೆಯಾ ಅಂತ ನೋಡೋದು ಹೇಗೆ?

ಸಾವೆಹೊಲ (ಹೊಸದುರ್ಗ):

ನಮಸ್ಕಾರ. ನಾಲ್ಕು ಎಕರೆ ಕೆಂಪು ಮಣ್ಣು, ಪೂರ್ತಿ ಮಳೆ ನಂಬಿದ್ದು. ರಾಗಿ, ಸಾವೆ, ಅವುಗಳ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಮೂರು ವರ್ಷದ ಹಿಂದೆ ಒಂದು ಯೋಜನೆಯಲ್ಲಿ ಬದು ಹಾಕಿಸಿದರು, ಬದುವಿನ ಮೇಲೆ ಹೊಂಗೆ, ಬೇವು ನೆಡಿಸಿದರು. ಕೆಳಗಿನ ಮೂಲೆಯಲ್ಲಿ ಒಂದು ಕೃಷಿ ಹೊಂಡ.

ಹೋದ ವಾರ ಕೆಲಸ ಹೇಗಾಗಿದೆ ಅಂತ ನೋಡಲು ಇಬ್ಬರು ಬಂದಿದ್ದರು. ಟೇಪ್ ಹಿಡಿದು ಬದುವಿನ ಉದ್ದ ಅಳೆದರು. ಸಸಿ ಎಣಿಸಿದರು. ಒಣಗಿದವನ್ನೂ ಸೇರಿಸಿ ಎಣಿಸಿದರು, ನಾನು ಸುಮ್ನಿದ್ದೆ. ಆಮೇಲೆ ನನ್ನನ್ನು ಹೊಂಡದ ಪಕ್ಕ ನಿಲ್ಲಿಸಿ ಫೋಟೋ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಹಾಳೆಯಲ್ಲಿ ‘ಉತ್ತಮ’ ಅಂತ ಬರೆದುಕೊಂಡರು. ಹೊಲದೊಳಗೆ ಕಾಲಿಡಲಿಲ್ಲ.

ಆದರೆ ಉತ್ತರೆ ಮಳೆ ಜೋರಾಗಿ ಹೊಡೆದ ದಿನ ಹೊಂಡಕ್ಕೆ ಇಳಿದ ನೀರು ಗಟ್ಟಿ ಚಹಾದ ಬಣ್ಣ ಇತ್ತು. ಅದು ನನ್ನ ಮಣ್ಣೇ ಅಲ್ವಾ? ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಮೊದಲು ಶೇ. 0.38 ಇತ್ತು, ಈಗ ಶೇ. 0.41. ಇದಕ್ಕೆ ಖುಷಿಪಡಬೇಕಾ? ಹೆಚ್ಚು ದುಡ್ಡು ಸುರಿಯದೆ ನಾನೇ ನೋಡಿಕೊಳ್ಳುವ ದಾರಿ ಇದ್ದರೆ ಹೇಳಿ.

ಕುಂಟೆಗಾರ (ಸಿರಾ):

ಮೊದಲು ಕಾರ್ಡಿನ ವಿಷಯ. ಈ ಯೋಜನೆ 2015ರಲ್ಲಿ ಶುರುವಾದಾಗ ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೆ ಒಂದು ಮಾದರಿ ಅಂತ ಲೆಕ್ಕ ಇತ್ತು. ಅಂದರೆ ಸುಮಾರು 25 ಎಕರೆಗೆ ಒಂದು ಚೀಲ ಮಣ್ಣು. ನಿಮ್ಮ ಮೊದಲ ಕಾರ್ಡು ಆ ಕಾಲದ್ದಾದರೆ ಅದರಲ್ಲಿರೋದು ಪಕ್ಕದವರ ಹೊಲದ ಮಣ್ಣೂ ಆಗಿರಬಹುದು! ಅದೂ ಬಿಡಿ, 0.38 ಆಗಲಿ 0.41 ಆಗಲಿ, 0.5ಕ್ಕಿಂತ ಕೆಳಗಿದ್ದರೆ ಎರಡೂ ‘ಕಡಿಮೆ’ಯೇ. ತಿಪ್ಪೆ ಇದ್ದ ಜಾಗದ ಹತ್ತಿರ ಗುದ್ದಲಿ ಹಾಕಿದರೆ ಅಷ್ಟು ವ್ಯತ್ಯಾಸ ಒಂದೇ ದಿನದಲ್ಲಿ ಬರುತ್ತೆ. ಮುಂದೆ ನೀವೇ ಮಾದರಿ ತೆಗೆಯಿರಿ. ಅದೇ ಜಾಗ, ಅದೇ ತಿಂಗಳು, 15 ಸೆಂ.ಮೀ. ಆಳ.

ಈಗ ನಾನು ಮಾಡೋದು ಹೇಳ್ತೀನಿ. ಒಳಗಿನ ಅಗಲ 15 ಸೆಂ.ಮೀ. ಇರುವ ಪೈಪಿನ ಗೇಣುದ್ದದ ತುಂಡು ತಗೊಳ್ಳಿ. ಮಣ್ಣಿಗೆ ಮೂರು ಬೆರಳು ಇಳಿಯುವಷ್ಟು ಮರದ ತುಂಡಿಟ್ಟು ಬಡಿಯಿರಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 450 ಮಿ.ಲೀ. ನೀರು ಹಾಕಿ, ಹಾಳೆಯನ್ನು ಮೆಲ್ಲಗೆ ಎಳೆದುಬಿಡಿ. ಆ ಅಗಲಕ್ಕೆ 450 ಮಿ.ಲೀ. ಅಂದರೆ ಸರಿಯಾಗಿ ಒಂದು ಇಂಚು ಮಳೆ. ಮೊದಲ ಸಲದ್ದು ಬರೀ ಮಣ್ಣು ನೆನೆಯಲಿಕ್ಕೆ. ಅದು ಇಂಗಿದ ಮೇಲೆ ಇನ್ನೊಂದು 450 ಹಾಕಿ ಗಡಿಯಾರ ನೋಡಿ.

ಇದನ್ನು ಹೊಲದ ನಡುವೆ ಒಮ್ಮೆ, ನೇಗಿಲು ಮುಟ್ಟದ ಬೇಲಿ ಮರೆಯಲ್ಲಿ ಒಮ್ಮೆ ಮಾಡಿ. ನನಗೆ ಮೊದಲ ವರ್ಷ ಹೊಲದಲ್ಲಿ 48 ನಿಮಿಷ ಹಿಡಿಯಿತು. ಬೇಲಿ ಮರೆಯಲ್ಲಿ 6 ನಿಮಿಷ. ಹತ್ತು ಹೆಜ್ಜೆ ದೂರ, ಅದೇ ಮಣ್ಣು. ಅವತ್ತು ರಾತ್ರಿ ಊಟ ಸೇರಲಿಲ್ಲ. ಹನಿ ಹೊಡೆದು ಮೇಲೆ ಹಪ್ಪಳದ ಹಾಗೆ ಕಟ್ಟಿದ ಪದರ, ಕೆಳಗೆ ವರ್ಷವರ್ಷ ರೋಟವೇಟರ್ ಓಡಿಸಿ ಗಟ್ಟಿಯಾದ ನೆಲ. ನೀರು ಹೋಗೋದಾದರೂ ಎಲ್ಲಿಗೆ? ನಿಮ್ಮ ಮಣ್ಣಿನ ತಾಕತ್ತು ಎಷ್ಟು ಅಂತ ಬೇಲಿ ಮರೆ ಹೇಳುತ್ತೆ. ಹೊಲ ವರ್ಷಕ್ಕಿಷ್ಟು ಅದರ ಹತ್ತಿರ ಹೋದರೆ ಸಾಕು.

ಇನ್ನು ಕೊಚ್ಚಿ ಹೋಗೋ ಮಣ್ಣು. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಹೋದರೂ ಐದು ಟನ್ನಿಗಿಂತ ಜಾಸ್ತಿ. ಕಣ್ಣಿಗೆ ಕಾಣಲ್ಲ. ಅದಕ್ಕೆ ಹೊಂಡಕ್ಕೆ ನೀರು ಇಳಿಯುವ ಬಾಯಲ್ಲಿ ಒಂದು ಹೂಳುಗುಂಡಿ ತೋಡಿ. ಜೋರು ಮಳೆ ಆದ ಮೇಲೆ ಅದರ ಮಣ್ಣು ಎತ್ತಿ, ಎಷ್ಟು ಬಾಂಡ್ಲಿ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಎತ್ತಿದ್ದನ್ನು ಹೊಲಕ್ಕೇ ಹಾಕಿ. ತೇಲಿಕೊಂಡು ಹೋಗುವ ನುಣುಪು ಮಣ್ಣು ಇದರಲ್ಲಿ ಸಿಗಲ್ಲ, ಆದರೂ ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ಹೋಲಿಸಲು ಸಾಕು.

ಕೆರೆಕೆಳಗಿನವಳು:

ನೀವೆಲ್ಲ ಮೇಲೆ ನೀರು ಹಿಡಿದಿಟ್ಟುಕೊಂಡು ಅಂಕ ಹಾಕಿಕೊಳ್ಳಿ. ನಮ್ಮ ಕೆರೆ ಕೋಡಿ ಬಿದ್ದಿದ್ದು ಕೊನೆಗೆ 2022ರಲ್ಲಿ. ಕೆರೆಯ ಮೇಲುಗಡೆ ನಮ್ಮೂರಲ್ಲೇ ಹನ್ನೊಂದು ಹೊಂಡ ಆಗಿವೆ. ಎಲ್ಲದಕ್ಕೂ ‘ಉತ್ತಮ’ ಅಂತಲೇ ಬರೆದಿರುತ್ತಾರೆ. ಕೆಳಗಿನ ಗದ್ದೆಯವರನ್ನು ಒಂದು ಮಾತು ಕೇಳಿದವರುಂಟಾ?

ಕುಂಟೆಗಾರ (ಸಿರಾ):

ಅಕ್ಕಾ, ನಿಮ್ಮ ಮಾತು ನಿಜ. ತಾಡಪಾಲು ಹಾಸಿದ ಹೊಂಡದಿಂದ ನೆಲಕ್ಕೆ ಒಂದು ತೊಟ್ಟೂ ಇಂಗಲ್ಲ, ಅದು ಆ ರೈತನಿಗೆ ಮಾತ್ರ. ಹೊಲದಲ್ಲೇ ಇಂಗಿದ ನೀರು ಬೇರೆ, ಅದರಲ್ಲಿ ಸ್ವಲ್ಪ ನಿಮ್ಮ ಬಾವಿಗೂ ಬರಬಹುದು. ಕೆರೆಗೆ ಹೂಳೂ ಕಡಿಮೆ ಬರುತ್ತೆ. ಆದರೆ ಕೆರೆ ತುಂಬೋ ನೀರು ಕಡಿಮೆ ಆಗೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೆರೆಕೆಳಗಿನವಳು:

ಒಪ್ಪಿಕೊಂಡಿರಲ್ಲ, ಅಷ್ಟು ಸಾಕು. ಹೂಳು ಕಡಿಮೆ ಆಗಿದೆಯಾ ಅಂತ ತೂಬಿನ ಹತ್ತಿರ ನೋಡಿ ಹೇಳ್ತೀನಿ.

ಸಾವೆಹೊಲ (ಹೊಸದುರ್ಗ):

ಮೂರು ವಾರ ಆಯ್ತು, ಲೆಕ್ಕ ಒಪ್ಪಿಸಲು ಬಂದೆ. ಪೈಪ್ ತುಂಡು ಪ್ಲಂಬರ್ ಸುಮ್ನೆ ಕೊಟ್ಟ. ನೀರು ಅಳೆಯಲು ಮಗಳ ಹಾಲಿನ ಬಾಟಲಿ. ರಾಗಿ ಸಾಲಿನ ನಡುವೆ 37 ನಿಮಿಷ. ಬೇಲಿ ಮರೆಯಲ್ಲಿ 8. ಅವರೆ, ಹುಚ್ಚೆಳ್ಳು ಎಲೆ ಉದುರಿಸಿದ ಅಕ್ಕಡಿ ಸಾಲಿನಲ್ಲಿ 21! ಇದನ್ನು ನಾನು ಅಂದುಕೊಂಡೇ ಇರಲಿಲ್ಲ.

ಹಸ್ತ ಮಳೆಯಲ್ಲಿ ಗೋಣಿಚೀಲ ಹೊದ್ದು ಬದುವಿನ ಮೇಲೆ ನಿಂತಿದ್ದೆ. ಬದುವಿನ ಉದ್ದಕ್ಕೂ ನೀರು ಓಡಿ ಬಂದು ಈಶಾನ್ಯ ಮೂಲೆಯಲ್ಲಿ ಒಂದು ಇಲಿ ಬಿಲದ ಹತ್ತಿರ ಕಿತ್ತುಕೊಂಡು ಹೋಗ್ತಾ ಇತ್ತು. ಟೇಪ್ ಹಿಡಿದವರು ಆ ಮೂಲೆಯನ್ನೂ ಉದ್ದಕ್ಕೆ ಸೇರಿಸಿಕೊಂಡಿದ್ದರು. ಹೂಳುಗುಂಡಿಯಲ್ಲಿ ಒಂದೇ ಮಳೆಗೆ 14 ಬಾಂಡ್ಲಿ. ಆ ಮೂಲೆಗೆ ಕಲ್ಲು ಪೇರಿಸಿ ಕೋಡಿ ಕಟ್ಟಿದೆ. ಮುಂದಿನ ಮಳೆಗೆ 9. ಆ ಮಳೆ ಸ್ವಲ್ಪ ಸಣ್ಣದೂ ಇತ್ತು, ಅದನ್ನೂ ಹೇಳಬೇಕಲ್ಲ.

ಇನ್ನೊಂದು ತಪ್ಪು ನನ್ನದೇ. ಟ್ರ್ಯಾಕ್ಟರಿನವನು ಇಳಿಜಾರಿನ ಉದ್ದಕ್ಕೇ ಉಳುತ್ತಾನೆ, ನಾನು ಬೇಡ ಅಂದಿಲ್ಲ. ಮಾಗಿ ಉಳುಮೆಗೆ ಅಡ್ಡ ಹೊಡೆಯಪ್ಪಾ ಅಂದರೆ, ತಿರುವು ಜಾಸ್ತಿ, ಗಂಟೆಗೆ ನೂರು ರೂಪಾಯಿ ಮೇಲೆ ಕೊಡು ಅಂತಾನೆ. ಎಂಬತ್ತಕ್ಕೆ ಮಾತಾಡಿ ಬಂದಿದ್ದೇನೆ.