ಸಹಾಯ ಬೇಕು: ಸಿಂಗಾಪುರದಲ್ಲಿ ಅಲ್ಲಿನವರಂತೆ ಊಟ, ಕಾಫಿ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಸಸ್ಯಾಹಾರಿಯಾದ ತಾಯಿಯವರೊಂದಿಗೆ ಸಿಂಗಾಪುರಕ್ಕೆ ಹೊರಟಿದ್ದು, ಪ್ರವಾಸಿಗರಿಗೆಂದೇ ಇರುವ ಹೋಟೆಲುಗಳನ್ನು ಬಿಟ್ಟು, 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಾಕರ್ ಸಂಸ್ಕೃತಿಯ ನೆಲೆಗಳಾದ ಹಾಕರ್ ಸೆಂಟರುಗಳಲ್ಲಿಯೇ (ಹಲವು ಸಣ್ಣ ಊಟದಂಗಡಿಗಳು ಒಂದೇ ಸೂರಿನಡಿ ಇರುವ ತಾಣಗಳು) ಊಟ ಮಾಡಬೇಕೆಂದುಕೊಂಡಿದ್ದೇನೆ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್ ವಿಷಯ ತಿಳಿದಿದೆ. ಆದರೆ ದೋಸೆ ತಿನ್ನಲು ಸಿಂಗಾಪುರದವರೆಗೆ ಹೋಗಬೇಕೆ ಎಂಬುದು ನನ್ನ ತಕರಾರು, ತಾಯಿಯವರದ್ದಲ್ಲ. ಮ್ಯಾಕ್ಸ್‌ವೆಲ್ ಅಥವಾ ಓಲ್ಡ್ ಏರ್‌ಪೋರ್ಟ್ ರಸ್ತೆಯ ಸೆಂಟರುಗಳಲ್ಲಿ ನಂಬಬಹುದಾದ ಚೀನೀ ಸಸ್ಯಾಹಾರಿ ಅಂಗಡಿಗಳಿವೆಯೇ, ಉಳಿದ ಅಂಗಡಿಗಳಲ್ಲಿ ಒಣ ಸೀಗಡಿ, ಮೀನಿನ ಸಾಸ್, ಹಂದಿಕೊಬ್ಬು ಯಾವುದೂ ಬೇಡವೆಂದರೆ ಮಾಡಿಕೊಡುತ್ತಾರೆಯೇ ಎಂಬುದನ್ನು ಅಲ್ಲಿ ನೆಲೆಸಿರುವವರು ದಯವಿಟ್ಟು ತಿಳಿಸಬೇಕು.

ಮೇಜಿನ ಮೇಲೆ ಟಿಶ್ಯೂ ಪೊಟ್ಟಣವಿಟ್ಟು ಜಾಗ ಹಿಡಿಯುವ ಅಲ್ಲಿನ ರೂಢಿಯೂ, ಉಂಡ ತಟ್ಟೆಗಳನ್ನು ನಾವೇ ಹಿಂದಿರುಗಿಸದಿದ್ದರೆ ದಂಡದವರೆಗೂ ಹೋಗಬಹುದೆಂಬುದೂ ಗೊತ್ತು.

ನಿಜವಾದ ತೊಡಕು ಕಾಫಿಯದು. ಬರೀ ‘ಕೋಪಿ’ ಎಂದರೆ ಸಿಹಿ ಗಟ್ಟಿಹಾಲು ಬೆರೆಸುತ್ತಾರೆ, ‘ಕೋಪಿ ಓ’ ಎಂದರೆ ಹಾಲಿಲ್ಲದೆ ಸಕ್ಕರೆ ಹಾಕುತ್ತಾರೆ. ಮಧುಮೇಹವಿರುವ ತಾಯಿಯವರಿಗೆ ಹಾಲು ಬೇಕು, ಸಕ್ಕರೆ ಕೂಡದು. ‘ಕೋಪಿ ಸಿ ಕೊಸೊಂಗ್’ ಎಂದು ಕೇಳಿದರೆ ಸಕ್ಕರೆಯಿಲ್ಲದ ಡಬ್ಬಿಹಾಲಿನ ಕಾಫಿ ಸಿಗುತ್ತದೆಂದು ಓದಿದ್ದೇನೆ. ನಮ್ಮ ಫಿಲ್ಟರ್ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ಹಿಡಿಸೀತೇ, ತಾಜಾ ಹಾಲು ಬಳಸುವ ಕೋಪಿಟಿಯಾಮ್ (ಅಲ್ಲಿನ ಸಾಂಪ್ರದಾಯಿಕ ಕಾಫಿ ಅಂಗಡಿ) ಯಾವುದಾದರೂ ಇದೆಯೇ?