ಪದಚರ್ಚೆ: ‘ನಾಟಕದ ಮೂಲಕ ಕರುಣೆ’ ಅಂದರೆ ನಿಮಗೆ ಏನು ಕೇಳಿಸುತ್ತದೆ?

ಗೆಳೆಯರೇ,

ವೈದ್ಯರಿಗೂ ನರ್ಸ್‌ಗಳಿಗೂ ನಾಟಕದ ಮೂಲಕ ಪಾಠ ಹೇಳಿಕೊಡುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಎಡವಿ ಬಿದ್ದಿದ್ದೇನೆ. ‘ನಾಟಕದ ಮೂಲಕ ಕರುಣೆ’ ಎಂದು ಬರೆದು ಮನೆಯಲ್ಲಿ ತೋರಿಸಿದೆ. ನಕ್ಕರು. ‘ಡಾಕ್ಟ್ರಿಗೆ ನಾಟಕ ಮಾಡೋದನ್ನ ಬೇರೆ ಕಲಿಸ್ಬೇಕಾ?’ ಅಂದರು.

ಅವರ ತಪ್ಪಲ್ಲ. ‘ಸುಮ್ನೆ ನಾಟಕ ಮಾಡ್ಬೇಡ’ ಎಂದು ದಿನಾ ಹೇಳುವ ಭಾಷೆ ನಮ್ಮದು. ಕರುಣೆಯ ಪಕ್ಕದಲ್ಲಿ ನಾಟಕ ಬಂದು ಕೂತ ಕೂಡಲೇ ಅದು ಸೋಗಿನ ಕರುಣೆ ಆಗಿಬಿಡುತ್ತದೆ. ‘ಅಭಿನಯ’ ಎಂದರೂ ಅದೇ ಕಥೆ, ಸ್ವಲ್ಪ ಮಡಿ ಉಟ್ಟುಕೊಂಡಿದೆ ಅಷ್ಟೆ. ಸದ್ಯಕ್ಕೆ ‘ಆಡಿ ಕಲಿಯುವುದು’ ಎಂದು ಇಟ್ಟುಕೊಂಡಿದ್ದೇನೆ. ‘ಆಡು’ ಎಂಬುದರಲ್ಲಿ ಆಟವೂ ಇದೆ, ಮಾತೂ ಇದೆ. ಕೈತಪ್ಪಿ ‘ಆಡಿಕೊಂಡು ಕಲಿಯುವುದು’ ಎಂದು ಟೈಪಾದರೆ ಮಾತ್ರ ಕೆಟ್ಟೆ, ರೋಗಿಯನ್ನೇ ಆಡಿಕೊಂಡ ಹಾಗಾಗುತ್ತದೆ.

ಇನ್ನು ನಾನು ‘ಕರುಣೆ’ ಎಂದು ಬರೆದ ‘ಕಂಪ್ಯಾಶನ್’. ಕಷ್ಟ ಜಾಸ್ತಿ ಇರುವುದು ಇಲ್ಲೇ. ಕೈಪಿಡಿಯಲ್ಲಿ ಒಂದು ಅಭ್ಯಾಸವಿದೆ. ವೈದ್ಯರೊಬ್ಬರು ರೋಗಿಯಾಗಿ ಮಂಚದ ಮೇಲೆ ಮಲಗಬೇಕು. ಉಳಿದವರು ರೌಂಡ್ಸ್ ಮಾಡುತ್ತಾರೆ. ಕಾಲ ಬಳಿ ನಿಂತು ಕೇಸ್ ಶೀಟ್ ತಿರುವುತ್ತಾರೆ. ‘ಹನ್ನೆರಡನೇ ಬೆಡ್’ ಎನ್ನುತ್ತಾರೆ. ಹೊದಿಕೆ ಸರಿಸಿ ಹೊಟ್ಟೆ ಒತ್ತುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಸರಿಸಿದ ಹೊದಿಕೆ ಹಾಗೇ ಇರುತ್ತದೆ. ಮಲಗಿದವರಿಗೆ ಕಾಣುವುದು ತಾರಸಿ, ಮತ್ತೆ ಕೆಳಗಿನಿಂದ ನೋಡಿದ ನಾಲ್ಕೈದು ಗದ್ದ. ಆಮೇಲೆ ಅವರನ್ನು ‘ಏನನ್ನಿಸಿತು?’ ಎಂದು ಕೇಳುವುದು. ಆಗ ಅವರಲ್ಲಿ ಹುಟ್ಟುವುದಕ್ಕೆ ಹೆಸರು ಬೇಕು ನನಗೆ.

‘ಕನಿಕರ’, ‘ಮರುಕ’ ಚೆಂದದ ಮಾತುಗಳೇ. ಆದರೆ ಎರಡೂ ನಿಂತವರು ಬಿದ್ದವರನ್ನು ನೋಡುವ ಮಾತು. ‘ಅಯ್ಯೋ ಪಾಪ’ದ ಅಕ್ಕತಂಗಿಯರು. ‘ಅನುಕಂಪ’ದ ಮೂಲ ಅರ್ಥ ಬಹಳ ಒಳ್ಳೆಯದು, ಇನ್ನೊಬ್ಬರ ಜೊತೆಗೆ ತಾನೂ ಕಂಪಿಸುವುದು. ಆದರೆ ಈಗ ಆ ಪದ ಅನುಕಂಪದ ಅಲೆಯಲ್ಲಿ ಚುನಾವಣೆ ಗೆಲ್ಲುತ್ತದೆ, ಇಲ್ಲವೇ ಅನುಕಂಪದ ಆಧಾರದ ಮೇಲೆ ನೌಕರಿ ಕೊಡಿಸುತ್ತದೆ. ಅಲ್ಲಿಂದ ಅದನ್ನು ವಾರ್ಡಿಗೆ ಕರೆತರುವುದು ಕಷ್ಟ. ‘ಸಹಾನುಭೂತಿ’ಯನ್ನು ಬಿಡಿಸಿದರೆ ಜೊತೆಯಲ್ಲಿ ಅನುಭವಿಸುವುದು, ಅಂದರೆ ‘ಎಂಪಥಿ’ಯ ಹತ್ತಿರದ್ದು. ಬಳಕೆಯಲ್ಲಿ ಮಾತ್ರ ಅದು ‘ಸಿಂಪಥಿ’ ಆಗಿ ಕೂತಿದೆ. ಹಾಗೆ ನೋಡಿದರೆ ಇಂಗ್ಲಿಷಿನ ‘ಎಂಪಥಿ’ಗೂ ಅಂಥ ವಯಸ್ಸೇನೂ ಆಗಿಲ್ಲ. ಜರ್ಮನ್ ಪದವೊಂದಕ್ಕೆ ಬದಲಿಯಾಗಿ 1909ರಲ್ಲಿ ಟಿಚನರ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಕಟ್ಟಿದ್ದು. ನಾವೂ ಕಟ್ಟಬಹುದು. ಆದರೆ ‘ಪರಾನುಭೂತಿ’ ಎಂದು ಓದಿದಾಗ ನನಗಂತೂ ಯಾವ ಅನುಭೂತಿಯೂ ಆಗುವುದಿಲ್ಲ.

‘ಕರುಣೆ’ಗೆ ಇನ್ನೊಂದು ತೊಡಕಿದೆ. ನಾಟಕದ ಜೊತೆ ಬಂದರೆ ‘ಕರುಣ ರಸ’ ನೆನಪಾಗುತ್ತದೆ. ಅದರ ಸ್ಥಾಯಿಭಾವ, ಅಂದರೆ ಅದರ ಬುಡದಲ್ಲಿ ನೆಲೆನಿಂತ ಭಾವ, ಶೋಕ. ನೋಡುವವರು ಅತ್ತು, ಹಗುರಾಗಿ ಮನೆಗೆ ಹೋದರೆ ರಸದ ಕೆಲಸ ಮುಗಿಯಿತು. ಇಲ್ಲಿ ಹಗುರಾದರೆ ಸಾಲದು, ಎದ್ದು ಹೋಗಿ ಆ ಹೊದಿಕೆ ಎಳೆದು ಹೊದಿಸಬೇಕು.

ನನ್ನ ಒಲವು ‘ಮಿಡಿ’ ಕಡೆಗೆ. ‘ನೋವಿಗೆ ಮಿಡಿಯುವುದು’. ಅದರಲ್ಲಿ ಮೇಲೆ ಕೆಳಗೆ ಇಲ್ಲ. ನಾಡಿಯೂ ಮಿಡಿಯುತ್ತದೆ, ಹಾಗಾಗಿ ಆಸ್ಪತ್ರೆಗೆ ಹೊಸದೂ ಅಲ್ಲ. ತೊಂದರೆ ಎಂದರೆ ನಾಮಪದ ಬೇಕಾದಾಗ ‘ಮಿಡಿತ’ ಹಾಕಿದರೆ ನೇರ ಹೃದಯರೋಗ ವಿಭಾಗಕ್ಕೆ ಹೋಗಿಬಿಡುತ್ತದೆ. ‘ಅಂತಃಕರಣ’ವೂ ಇದೆ. ಸಂಸ್ಕೃತದಲ್ಲಿ ಅದು ಮನಸ್ಸು, ಒಳಗಿನ ಇಂದ್ರಿಯ. ಕನ್ನಡದಲ್ಲಿ ‘ಅಂತಃಕರಣ ಇರೋ ಮನುಷ್ಯ’ ಎಂದರೆ ಇನ್ನೊಬ್ಬರ ಕಷ್ಟಕ್ಕೆ ಕರಗುವವರು. ಈ ಅರ್ಥ ಎಲ್ಲ ಕಡೆ ಒಂದೇ ಥರ ಬಳಕೆಯಲ್ಲಿದೆಯಾ, ಬಲ್ಲವರು ಹೇಳಬೇಕು.

‘ಎಥಿಕ್ಸ್’ಗೆ ‘ವೃತ್ತಿಧರ್ಮ’ ಸಾಕು ಅನ್ನಿಸಿದೆ. ‘ವೈದ್ಯಕೀಯ ನೀತಿ’ ಎಂದರೆ ಸರ್ಕಾರದ ಪಾಲಿಸಿಯಂತೆ ಕೇಳುತ್ತದೆ, ಅಲ್ವಾ?

ಇನ್ನೆರಡು ಪದ. 1963ರಲ್ಲಿ ಹೊವರ್ಡ್ ಬ್ಯಾರೋಸ್ ಎಂಬ ನರರೋಗ ವೈದ್ಯರು ರೋಗಿಯಂತೆ ನಟಿಸುವವರನ್ನು ತಯಾರು ಮಾಡಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಇವತ್ತು ಇಂಥವರಿಗೆ ‘ಸ್ಟ್ಯಾಂಡರ್ಡೈಸ್ಡ್ ಪೇಶೆಂಟ್’ ಎನ್ನುತ್ತಾರೆ. ಎಷ್ಟು ವಿದ್ಯಾರ್ಥಿಗಳು ಬಂದರೂ ಅದೇ ಕಥೆ, ಅದೇ ನೋವು ಹೇಳುತ್ತಾರೆ, ಅದಕ್ಕೆ ಆ ಹೆಸರು. ‘ಪ್ರಮಾಣೀಕೃತ ರೋಗಿ’ ಎಂದರೆ ಯಾರೋ ಸೀಲು ಹೊಡೆದು ಕಳಿಸಿದಂತಿದೆ. ‘ರೋಗಿ ಪಾತ್ರಧಾರಿ’ ಆಗಬಹುದಾ? ನನಗೆ ‘ರೋಗಿಯ ಪಾರ್ಟು ಮಾಡುವವರು’ ಎಂದೇ ಬರೆಯುವ ಆಸೆ.

ಎರಡನೆಯದು ಬ್ರೆಜಿಲ್‌ನ ರಂಗ ನಿರ್ದೇಶಕ ಅಗಸ್ಟೋ ಬೋಲ್ ಅವರ ‘ಸ್ಪೆಕ್ಟ್-ಆ್ಯಕ್ಟರ್’. ಅವರ ಫೋರಮ್ ಥಿಯೇಟರಿನಲ್ಲಿ ದೃಶ್ಯವನ್ನು ಒಮ್ಮೆ ಕೆಟ್ಟದಾಗಿ ಮುಗಿಯುವಂತೆ ಆಡುತ್ತಾರೆ. ಮತ್ತೆ ಅದನ್ನೇ ಆಡುವಾಗ ನೋಡುವವರಲ್ಲಿ ಯಾರು ಬೇಕಾದರೂ ‘ನಿಲ್ಸಿ’ ಎಂದು ಕೂಗಿ, ಒಳಗೆ ಬಂದು, ಪಾತ್ರ ವಹಿಸಿಕೊಂಡು ಬೇರೆ ದಾರಿ ತೋರಿಸಬಹುದು. ಹನ್ನೆರಡನೇ ಬೆಡ್ಡಿನ ದೃಶ್ಯಕ್ಕೆ ಹೇಳಿ ಮಾಡಿಸಿದ ಕ್ರಮ. ‘ಪ್ರೇಕ್ಷಕ-ನಟ’ ಎಂದರೆ ಇಬ್ಬರು ಬೇರೆ ಬೇರೆ ಜನರಂತೆ ಕಾಣುತ್ತಾರೆ. ‘ನೋಡುಗ’, ‘ಆಡುಗ’ ಸೇರಿಸಿ ‘ನೋಡಾಡುಗ’ ಎಂದು ಮಾಡಿದೆ. ಜೋರಾಗಿ ಓದಿ ನೋಡಿದೆ, ‘ಓಡಾಡುಗ’ ಎಂದು ಕೇಳಿಸಿತು. ಸೀಟು ಬಿಟ್ಟು ಎದ್ದು ಬರುವವರಿಗೆ ಅದೂ ಪರವಾಗಿಲ್ಲವೇನೋ. ಇದಕ್ಕಿಂತ ಒಳ್ಳೆಯದು ಯಾರ ಬಳಿಯಾದರೂ ಇದ್ದರೆ ತಿಳಿಸಿ. ತಲೆಬರಹಕ್ಕೆ ಸದ್ಯ ‘ಆಡಿ ಕಲಿಯೋಣ, ನೋವಿಗೆ ಮಿಡಿಯೋಣ’ ಎಂದಿದೆ. ಜಾಹೀರಾತಿನ ಥರ ಆಯ್ತಾ?