ಸಹಾಯ ಬೇಕು: ಹೊಲದಲ್ಲಿ ನಿಂತ ನೀರು ಎತ್ತ ಕಡೆ ಬಿಡಬೇಕು?

ನಮಸ್ಕಾರ ರೀ ಎಲ್ಲರಿಗೂ. ನವಲಗುಂದ ಕಡೆ ನಮ್ಮದು ನಾಲ್ಕು ಎಕರೆ ಎರೆ ಹೊಲ ಇದೆ. ಮೊದಲು ಎಷ್ಟೇ ಮಳೆ ಬಂದರೂ ನೀರು ಮೂಡಣ ದಿಕ್ಕಿಗೆ ಹರಿದು ಸಣ್ಣ ಹಳ್ಳ ಸೇರುತ್ತಿತ್ತು, ಅಲ್ಲಿಂದ ಬೆಣ್ಣೆಹಳ್ಳಕ್ಕೆ. ಈಗ ಆ ಕಡೆ ದಾರಿ ಎತ್ತರ ಮಾಡಿ, ಕೆಳಗೆ ಒಂದೇ ಒಂದು ಸಿಮೆಂಟ್ ಪೈಪು ಹಾಕಿದ್ದಾರೆ, ಅದೂ ಹೊಲಕ್ಕಿಂತ ಮೇಲೆ! ನೀರು ಪೈಪಿನ ತನಕ ಏರುವಷ್ಟರಲ್ಲಿ ಉಳ್ಳಾಗಡ್ಡಿ ಕೊಳೆತೇ ಹೋಗಿರುತ್ತದೆ.

ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಒಣಗಿದಾಗ ಕಾಲು ಸಿಗುವಷ್ಟು ಬಿರುಕು, ಒಮ್ಮೆ ನೆಂದು ಉಬ್ಬಿದರೆ ಬಿರುಕು ಮುಚ್ಚಿ ನೀರು ಇಂಗೋದೇ ಇಲ್ಲ. ಹಂಗಾಗಿ ಇಂಗುಗುಂಡಿ ತೋಡಿ ಅನ್ನೋರ ಮಾತು ನನಗೆ ಅಷ್ಟು ಸರಿ ಅನಿಸುತ್ತಿಲ್ಲ.

ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾನೇ ಮಟ್ಟ ನೋಡಿದೆ. ಬಡಗಣ ಮೂಲೆ ಇನ್ನೂ ಒಂದು ಗೇಣು ತಗ್ಗು ಇದೆ. ಅಲ್ಲಿ ಒಡ್ಡು ಒಡೆದು ಕಲ್ಲಿನ ಕೋಡಿ ಕಟ್ಟಿದರೆ ನೀರು ಹೋಗುತ್ತದೆ, ಆದರೆ ಸೀದಾ ಪಕ್ಕದ ಕಾಕಾ ಅವರ ಹೊಲಕ್ಕೆ. ಸುಮ್ನೆ ಜಗಳ ಬೇಡ ಅಲ್ವಾ?

ಬದುವಿನ ಗುಂಟ ಬಸಿಗಾಲುವೆ ತೋಡಿದವರು ಯಾರಾದರೂ ಇದ್ದೀರಾ? ಎಷ್ಟು ಆಳ, ಎಷ್ಟು ಇಳಿಜಾರು ಇಟ್ಟಿರಿ? ಹಳೇ ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಇದ್ದರೆ ಪೈಪು ಕೆಳಗಿಳಿಸಿ ಅಂತ ಕೇಳೋಕೆ ಆಗುತ್ತಾ? ಮುಂದಿನ ಮಳೆಗಿಂತ ಮೊದಲೇ ಹೇಳಿ ರೀ.